ಅಪ್ಪನ ಉಸಿರಿನ ಯಂತ್ರ ರಾತ್ರಿಯಿಡೀ ಓಡಬೇಕು: ಟ್ರಕ್ ಕ್ಯಾಂಪರ್‌ಗೆ ಎಷ್ಟು ಬ್ಯಾಟರಿ, ಎಷ್ಟು ಸೋಲಾರ್?

ಹಕ್ಕಿಗೂಡು:

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿರ ಪಿಕಪ್ ಟ್ರಕ್ಕಿನ ಮೇಲೆ ಕೂರಿಸುವ ಹಳೆಯ ಕ್ಯಾಂಪರ್ (ಒಳಗೆ ಮಲಗಬಹುದಾದ ಪುಟ್ಟ ಮನೆಯಂಥದ್ದು) ಇದೆ. ಬೇಡವಾದಾಗ ನಾಲ್ಕು ಜಾಕ್ ಕೊಟ್ಟು ಎತ್ತಿ ಇಳಿಸಿಡುತ್ತೇವೆ. ಹೋದ ತಿಂಗಳು ಅಪ್ಪನನ್ನು ಕರೆದುಕೊಂಡು ಮೂರು ರಾತ್ರಿ ಹೊರಗಿದ್ದೆವು. ಮೊದಲ ರಾತ್ರಿ ಫ್ರಿಜ್ ಮಾತ್ರ ನಿಂತಿತು. ಆಗ ಬ್ಯಾಟರಿ 12.1 ವೋಲ್ಟ್ ತೋರಿಸುತ್ತಿತ್ತು. ಎರಡನೇ ರಾತ್ರಿ ಎರಡೂವರೆಗೆ ಇನ್ವರ್ಟರ್ ಕೀಂ ಅಂತ ಕೂಗಿ ಆಫ್ ಆಯಿತು. ಅದರ ಜೊತೆ ಅಪ್ಪನ ಸಿಪ್ಯಾಪ್ ಯಂತ್ರವೂ ನಿಂತಿತು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಅವರಿಗೆ. "ಪರವಾಗಿಲ್ಲಮ್ಮ, ಕೂತಿರ್ತೀನಿ, ನೀನು ಮಲ್ಕೋ" ಅಂದು ಬೆಳಗಿನ ತನಕ ದಿಂಬಿಗೆ ಒರಗಿ ಕೂತಿದ್ದರು. ನನಗೂ ನಿದ್ದೆ ಬರಲಿಲ್ಲ.

ಈಗ ಇರುವುದು 100 ಎಎಚ್‌ನ (ಆಂಪ್-ಅವರ್, ಅಂದರೆ ಆಂಪ್ ಗುಣಿಸು ಗಂಟೆ) ಲೆಡ್ ಆಸಿಡ್ ಬ್ಯಾಟರಿ ಒಂದು. ಚಾವಣಿಗೆ ಅಂಟಿಸಿದ 100 ವ್ಯಾಟ್‌ನ ಬಾಗುವ ಪ್ಯಾನೆಲ್, 1000 ವ್ಯಾಟ್ ಇನ್ವರ್ಟರ್. ಓಡಿಸುವುದು 12 ವೋಲ್ಟ್ ಫ್ರಿಜ್, ಒಂದು ಫ್ಯಾನ್, ಎಲ್‌ಇಡಿ ದೀಪ, ನೀರಿನ ಪಂಪ್, ಫೋನ್, ಲ್ಯಾಪ್‌ಟಾಪ್, ಮತ್ತೆ ಅಪ್ಪನ ಯಂತ್ರ. ಇನ್ನೊಂದು 100 ಎಎಚ್ ಬ್ಯಾಟರಿ ಸೇರಿಸಿದರೆ ಸಾಕಾ? ಯಂತ್ರ ಮಾತ್ರ ಮತ್ತೆ ನಿಲ್ಲಬಾರದು. ಗೊತ್ತಿರುವವರು ದಯವಿಟ್ಟು ಹೇಳಿ.

ಮೂರನೇ ಗೇರ್:

ಅಕ್ಕ, ಓದಿ ಬೇಜಾರಾಯಿತು. ಆದರೆ ಸುಮ್ನೆ ಇನ್ನೊಂದು ಬ್ಯಾಟರಿ ತರಬೇಡಿ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಎರಡು ರಾತ್ರಿ ಎರಡು ಥರ ಆಗಿದ್ದು ಅದಕ್ಕೇ.

ಮೊದಲು ಫ್ರಿಜ್. 12.1 ವೋಲ್ಟ್ ಇದ್ದಾಗ ಅದು ನಿಲ್ಲಬಾರದು. ಬ್ಯಾಟರಿ ಹತ್ತಿರ 12.1 ಇದೆ, ಸರಿ. ಫ್ರಿಜ್ ಹಿಂದೆ ಎಷ್ಟಿದೆ? ಕಂಪ್ರೆಸರ್ ಓಡುವಾಗಲೇ ಮಲ್ಟಿಮೀಟರ್ ಇಟ್ಟು ನೋಡಿ. ಹಳೆಯ ಕ್ಯಾಂಪರ್‌ಗಳಲ್ಲಿ ಫ್ರಿಜ್‌ಗೂ ದೀಪಕ್ಕೂ ಒಂದೇ ತೆಳು ತಂತಿ ಎಳೆದಿರುತ್ತಾರೆ. ಲೆಕ್ಕ ನೋಡಿ: 1.5 ಸ್ಕ್ವೇರ್ ಎಂಎಂ ತಾಮ್ರದ ತಂತಿ, ಹೋಗಲು 6 ಮೀಟರ್, ಬರಲು 6 ಮೀಟರ್. 5 ಆಂಪ್ ಹರಿದರೆ ದಾರಿಯಲ್ಲೇ 0.7 ವೋಲ್ಟ್ ಹೋಗುತ್ತದೆ. ಮಧ್ಯೆ ಒಂದು ಸಡಿಲ ಕನೆಕ್ಟರ್ ಇದ್ದರೆ ಇನ್ನೂ ಜಾಸ್ತಿ. ಫ್ರಿಜ್ ಪಾಪ ತನ್ನ ಬಾಗಿಲಿಗೆ ಬಂದ ವೋಲ್ಟ್ ನೋಡಿ ಬ್ಯಾಟರಿ ಖಾಲಿ ಅಂದುಕೊಳ್ಳುತ್ತದೆ. ಇಂಥ ಕಡೆ ಎಷ್ಟು ದೊಡ್ಡ ಬ್ಯಾಟರಿ ತಂದರೂ ಕಾಯಿಲೆ ವಾಸಿಯಾಗಲ್ಲ. 6 ಸ್ಕ್ವೇರ್ ತಂತಿ ಎಳೆದರೆ ಅದೇ ನಷ್ಟ 0.2ಕ್ಕಿಂತ ಕೆಳಗೆ ಬರುತ್ತದೆ.

ಈಗ ದಿನದ ಖರ್ಚು. ಲೆಕ್ಕವೆಲ್ಲ ವ್ಯಾಟ್-ಅವರ್‌ನಲ್ಲಿ, ಅಂದರೆ ವ್ಯಾಟ್ ಗುಣಿಸು ಗಂಟೆ. ಫ್ರಿಜ್ ಓಡುವಾಗ 50-60 ವ್ಯಾಟ್ ಎಳೆದರೂ ಇಡೀ ದಿನ ಓಡುವುದಿಲ್ಲ. 500 ವ್ಯಾಟ್-ಅವರ್ ಅಂತ ಇಟ್ಟುಕೊಳ್ಳಿ. ಫ್ಯಾನ್ 150, ದೀಪ 40, ಫೋನ್-ಲ್ಯಾಪ್‌ಟಾಪ್ 120. ಪಂಪ್ ಲೆಕ್ಕಕ್ಕೇ ಬರಲ್ಲ, ದಿನಕ್ಕೆ ಕೆಲವೇ ನಿಮಿಷ ಓಡುತ್ತದೆ. ಸಿಪ್ಯಾಪ್‌ನಲ್ಲಿ ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಹಾಕಿದ್ದರೆ ರಾತ್ರಿಗೆ 400 ಹತ್ತಿರ ಹೋಗಬಹುದು. ಇನ್ನು ಇನ್ವರ್ಟರ್. ಏನೂ ಓಡಿಸದೆ ಆನ್ ಇಟ್ಟರೂ 10 ವ್ಯಾಟ್ ತಿನ್ನುತ್ತದೆ ಅಂದುಕೊಳ್ಳಿ. ದಿನವಿಡೀ ಬಿಟ್ಟರೆ 240. ಕೂಡಿದರೆ 1450. ನಿಮ್ಮ ಲೆಡ್ ಆಸಿಡ್ ಬ್ಯಾಟರಿಯಲ್ಲಿ 12 ವೋಲ್ಟ್ ಗುಣಿಸು 100 ಎಎಚ್, ಅಂದರೆ 1200 ಇದೆ. ಅದರಲ್ಲಿ ಅರ್ಧ ಮಾತ್ರ ತೆಗೆಯಬೇಕು, ಅಂದರೆ 600. ಇನ್ನೂ ಆಳಕ್ಕೆ ಇಳಿಸುತ್ತಾ ಹೋದರೆ ಬ್ಯಾಟರಿ ಬೇಗ ಸಾಯುತ್ತದೆ. ಮಲಗಿಸಿಟ್ಟ 100 ವ್ಯಾಟ್ ಪ್ಯಾನೆಲ್ ಒಳ್ಳೆ ದಿನ 300 ಕೊಟ್ಟರೆ ಹೆಚ್ಚು. ಎರಡನೇ ರಾತ್ರಿ ಕೈಕೊಟ್ಟಿದ್ದು ಆಶ್ಚರ್ಯವೇ ಅಲ್ಲ.

ನನ್ನ ಸಲಹೆ ಇಷ್ಟು. ಯಂತ್ರವನ್ನು ಇನ್ವರ್ಟರ್‌ನಿಂದ ಬಿಡಿಸಿ. ಬಹಳಷ್ಟು ಸಿಪ್ಯಾಪ್‌ಗಳಿಗೆ 12 ವೋಲ್ಟ್‌ನಿಂದ ನೇರ ಓಡಿಸುವ ಡಿಸಿ ಅಡಾಪ್ಟರ್ ಸಿಗುತ್ತದೆ. ನಿಮ್ಮ ಮಾಡೆಲ್‌ಗೆ ಹೊಂದುವುದನ್ನೇ ತನ್ನಿ. ಹ್ಯುಮಿಡಿಫೈಯರ್ ಇಲ್ಲದೆ ನಡೆಯುತ್ತದಾ ಅಂತ ಅಪ್ಪನ ಡಾಕ್ಟರನ್ನು ಕೇಳಿ. ಅವರು ಹೂಂ ಅಂದರೆ ರಾತ್ರಿಯ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಆಗ ದಿನಕ್ಕೆ 1000 ವ್ಯಾಟ್-ಅವರ್ ಒಳಗೆ ಬರುತ್ತೀರಿ. ಅದಕ್ಕೆ 200 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು. 12.8 ವೋಲ್ಟ್ ಲೆಕ್ಕದಲ್ಲಿ 2560 ವ್ಯಾಟ್-ಅವರ್. ಬಿಸಿಲು ಬೀಳದಿದ್ದರೂ ಎರಡು ದಿನ ತಳ್ಳಬಹುದು. ಚಾವಣಿಗೆ ಒಟ್ಟು 350 ವ್ಯಾಟ್‌ನ ಗಟ್ಟಿ ಪ್ಯಾನೆಲ್, ಎಂಪಿಪಿಟಿ ಚಾರ್ಜರ್ (ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ವಿದ್ಯುತ್ ತೆಗೆದು ಬ್ಯಾಟರಿಗೆ ತುಂಬುವ ಡಬ್ಬ). ಪ್ಯಾನೆಲ್ ಕೆಳಗೆ ಗಾಳಿ ಆಡಲು ಜಾಗ ಬಿಡಿ, ಬಿಸಿಯಾದಷ್ಟೂ ವ್ಯಾಟ್ ಕಡಿಮೆ ಕೊಡುತ್ತದೆ. ಫ್ಯಾನಿನ ಮುಚ್ಚಳದ ನೆರಳು ಪ್ಯಾನೆಲ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಅಂಗೈಯಷ್ಟು ನೆರಳು ಪ್ಯಾನೆಲ್‌ನ ಮೂರನೇ ಒಂದು ಭಾಗವನ್ನೇ ಮಲಗಿಸಿಬಿಡಬಹುದು.

ಸಂಜೆಬಿಸಿಲು:

ಮೇಲಿನವರು ಹೇಳಿದ್ದು ಸರಿ. ಟ್ರಕ್ ಓಡುವಾಗ ಚಾರ್ಜ್ ಆಗುವ ವಿಷಯ ಬಿಟ್ಟಿದ್ದಾರೆ, ಅದನ್ನು ನಾನು ಹೇಳುತ್ತೇನೆ. ಲಿಥಿಯಂ ಹಾಕಿದ ಮೇಲೆ ಆಲ್ಟರ್ನೇಟರ್‌ನಿಂದ (ಎಂಜಿನ್ ತಿರುಗಿಸಿ ಕರೆಂಟ್ ಕೊಡುವ ಡೈನಮೊ) ನೇರ ತಂತಿ ಕೊಡಬೇಡಿ. ಆ ಬ್ಯಾಟರಿ ಸಿಕ್ಕಷ್ಟು ಕರೆಂಟ್ ಎಳೆಯುತ್ತದೆ. ಎಂಜಿನ್ ಐಡಲ್‌ನಲ್ಲಿ ಇದ್ದಾಗ ಆಲ್ಟರ್ನೇಟರ್ ಫ್ಯಾನ್ ನಿಧಾನ, ತಣ್ಣಗಾಗಲ್ಲ. ನಾನು ನೇರ ಕೊಟ್ಟು ಒಂದು ಆಲ್ಟರ್ನೇಟರ್ ಸುಟ್ಟಿದ್ದೇನೆ. ಬಾನೆಟ್ ತೆಗೆದಾಗ ಬಂದ ವಾರ್ನಿಷ್ ವಾಸನೆ ಇನ್ನೂ ನೆನಪಿದೆ.

ಮಧ್ಯೆ 30 ಆಂಪ್ ಡಿಸಿ-ಡಿಸಿ ಚಾರ್ಜರ್ (ಕರೆಂಟಿಗೆ ಮಿತಿ ಹಾಕಿ ಚಾರ್ಜ್ ಮಾಡುವ ಡಬ್ಬ) ಹಾಕಿ, ಕ್ಯಾಂಪರ್ ಬ್ಯಾಟರಿಯ ಪಕ್ಕದಲ್ಲೇ. ಎರಡು ಗಂಟೆ ಓಡಿಸಿದರೆ ಹತ್ತಿರ ಹತ್ತಿರ 60 ಎಎಚ್ ಒಳಗೆ ಬರುತ್ತದೆ. ಟ್ರಕ್ಕಿನ 7 ಪಿನ್ ಸಾಕೆಟ್‌ನಿಂದ ಇದನ್ನು ಓಡಿಸಲು ಹೋಗಬೇಡಿ, ಆ ತಂತಿ ತಡೆಯಲ್ಲ. ಬೇರೆಯೇ 16 ಸ್ಕ್ವೇರ್ ಎಳೆಯಿರಿ. ಟ್ರಕ್ಕಿನದು, ಕ್ಯಾಂಪರಿನದು, ಎರಡೂ ಬ್ಯಾಟರಿಗಳ ಹತ್ತಿರ, ಗೇಣು ದೂರದೊಳಗೆ ಒಂದೊಂದು ಫ್ಯೂಸ್ ಇರಲಿ. ಕ್ಯಾಂಪರ್ ಇಳಿಸುವಾಗ ತಂತಿ ಬಿಡಿಸಬೇಕಾದ ಜಾಗದಲ್ಲಿ ಆಂಡರ್ಸನ್ ಕನೆಕ್ಟರ್ ಹಾಕಿದರೆ ಎಳೆದರೆ ಬಿಡುತ್ತದೆ, ಒತ್ತಿದರೆ ಕೂರುತ್ತದೆ.

ತುಂಬಾ ಚಳಿ ಇರುವ ಕಡೆ ಹೋಗುವವರಾದರೆ ನೆನಪಿಡಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು. ಒಳಗೆ ಲೋಹ ಕಟ್ಟಿಕೊಂಡು ಸೆಲ್ ಹಾಳಾಗುತ್ತದೆ. ಬ್ಯಾಟರಿಯನ್ನು ಹೊರಗಿನ ಡಬ್ಬದಲ್ಲಿ ಇಡದೆ ಒಳಗೇ ಇಡಿ.

ಹಕ್ಕಿಗೂಡು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮೀಟರ್ ಇಟ್ಟು ನೋಡಿದೆ. ಬ್ಯಾಟರಿಯಲ್ಲಿ 12.1, ಫ್ರಿಜ್ ಹಿಂದೆ 11.0! ಸಿಂಕ್ ಕೆಳಗಿನ ಹಲಗೆ ಬಿಚ್ಚಿದರೆ ತಂತಿ ಸೇರುವ ಜಾಗದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಕನೆಕ್ಟರ್. ಒಂದು ಬದಿ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿ ಮತ್ತೆ ಗಟ್ಟಿಯಾಗಿದೆ. ಮುಟ್ಟಿದರೆ ಬಿಸಿ. ಅದರ ಒಂದು ಗೇಣು ಮೇಲೆ ಅಪ್ಪ ಮಲಗುವ ಹಾಸಿಗೆ. ನೋಡಿ ಕೈ ನಡುಗಿತು. ಫ್ರಿಜ್‌ಗೆ ಬೇರೆಯೇ 6 ಸ್ಕ್ವೇರ್ ಎಳೆದು, ಕ್ರಿಂಪ್ ಮಾಡಿ, ಅದಕ್ಕೇ ಅಂತ ಫ್ಯೂಸ್ ಹಾಕಿದೆವು. ಈಗ 12.1 ಇದ್ದರೆ ಅಲ್ಲಿ 11.9.

ಡಾಕ್ಟರ್ ಹ್ಯುಮಿಡಿಫೈಯರ್ ಇಲ್ಲದೆ ಕೆಲವು ರಾತ್ರಿ ಪರವಾಗಿಲ್ಲ ಅಂದರು. 200 ಎಎಚ್ ಲಿಥಿಯಂ ತರುತ್ತೇವೆ. ಒಂದೇ ಭಯ: ಬ್ಯಾಟರಿ ಮುಗಿಯುತ್ತಾ ಬಂದರೆ ನನಗೆ ಮೊದಲೇ ಹೇಗೆ ಗೊತ್ತಾಗುತ್ತೆ?

ಮೂರನೇ ಗೇರ್:

ಆ ಕನೆಕ್ಟರ್ ಸಿಕ್ಕಿದ್ದು ತುಂಬಾ ಒಳ್ಳೆಯದಾಯಿತು ಅಕ್ಕ.

ನಿಮ್ಮ ಭಯ ಸರಿಯಾಗಿದೆ. ಲೆಡ್ ಆಸಿಡ್ ನಿಧಾನಕ್ಕೆ ಸೊರಗುತ್ತದೆ, ದೀಪ ಮಂಕಾಗುತ್ತದೆ, ನಮಗೆ ಗೊತ್ತಾಗುತ್ತದೆ. ಲಿಥಿಯಂ ಹಾಗಲ್ಲ. ಕೊನೆಯವರೆಗೂ 13ರ ಆಸುಪಾಸಲ್ಲೇ ನಿಂತು, ಆಮೇಲೆ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಒಮ್ಮೆಲೇ ಕಟ್ ಮಾಡಿಬಿಡುತ್ತದೆ. ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗಲ್ಲ. ಹಾಗಾಗಿ ಶಂಟ್ (ತನ್ನ ಮೂಲಕ ಹರಿಯುವ ಕರೆಂಟ್ ಅಳೆಯಲು ಬಳಸುವ ತುಂಡು) ಇರುವ ಬ್ಯಾಟರಿ ಮಾನಿಟರ್ ಹಾಕಲೇಬೇಕು. ಅದು ಒಳಗೆ ಬಂದ, ಹೊರಗೆ ಹೋದ ಆಂಪ್‌ಗಳನ್ನು ಎಣಿಸುತ್ತದೆ. ಬ್ಯಾಟರಿಯ ನೆಗೆಟಿವ್‌ಗೆ ಬರುವ ಎಲ್ಲ ತಂತಿಯೂ ಶಂಟ್ ದಾಟಿಯೇ ಬರಬೇಕು, ಒಂದು ತಪ್ಪಿದರೂ ಎಣಿಕೆ ತಪ್ಪು. ರಿಲೇ, ಅಂದರೆ ತಾನಾಗಿ ಆನ್-ಆಫ್ ಆಗುವ ಸ್ವಿಚ್, ಇರುವ ಮಾನಿಟರ್ ತನ್ನಿ. ಶೇಕಡ 30ಕ್ಕೆ ಇಳಿದಾಗ ಫ್ರಿಜ್, ಫ್ಯಾನ್‌ನ ಸಾಲು ತಾನಾಗಿ ಆಫ್ ಆಗುವ ಹಾಗೆ ಜೋಡಿಸಿ. ಯಂತ್ರದ ತಂತಿ ಮಾತ್ರ ಆ ರಿಲೇ ಮುಟ್ಟದೆ, ತನ್ನದೇ ಫ್ಯೂಸ್‌ನಿಂದ ನೇರ ಬರಲಿ. ಉಳಿದ ಶೇಕಡ 30 ಅಂದರೆ 750 ವ್ಯಾಟ್-ಅವರ್. ಅದಷ್ಟೂ ಅಪ್ಪನದು. ಮೂರು ರಾತ್ರಿಗೂ ಮೀರಿ ಬರುತ್ತದೆ.

ಜೋಡಿಸುವಾಗ ಎಂಪಿಪಿಟಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಹಳೆಯ ಚಾರ್ಜರಿನಲ್ಲಿ ಲೆಡ್ ಆಸಿಡ್ ಸೆಟ್ಟಿಂಗ್ ಹಾಗೇ ಬಿಡಬೇಡಿ. ಮತ್ತೆ ಮೊದಲ ಓಡಾಟ ಮುಗಿದ ಕೂಡಲೇ ಎಲ್ಲ ನಟ್ಟುಗಳಿಗೂ ಒಮ್ಮೆ ಸ್ಪ್ಯಾನರ್ ಹಾಕಿ. ಕುಲುಕಾಟಕ್ಕೆ ಸಡಿಲ ಆಗೇ ಆಗುತ್ತವೆ.

ಹಕ್ಕಿಗೂಡು:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲ ಜೋಡಿಸಿ ಆಯಿತು. ದೂರ ಹೋಗುವ ಮೊದಲು ಮನೆ ಮುಂದೆಯೇ ನಿಲ್ಲಿಸಿ ಅಪ್ಪನೂ ನಾನೂ ಒಂದು ರಾತ್ರಿ ಒಳಗೆ ಮಲಗಿದೆವು. ನಡುರಾತ್ರಿ ನಾನೇ ಎದ್ದು ರಿಲೇ ಆಫ್ ಮಾಡಿ ನೋಡಿದೆ. ಫ್ರಿಜ್ ನಿಂತಿತು, ಫ್ಯಾನ್ ನಿಂತಿತು. ಅಪ್ಪನ ಮಾಸ್ಕಿನ ಸುಯ್ ಸುಯ್ ಸದ್ದು ಮಾತ್ರ ನಿಲ್ಲಲಿಲ್ಲ. ಬೆಳಗ್ಗೆ ನೋಡಿದರೆ ಯಂತ್ರ 7 ಗಂಟೆ 40 ನಿಮಿಷ ಓಡಿದೆ. ಲೆಕ್ಕ ಹಾಕಿದರೆ ಅದಕ್ಕೆ ಹೋಗಿದ್ದು 12 ಎಎಚ್.

ನಟ್ಟುಗಳಿಗೆ ಸ್ಪ್ಯಾನರ್ ಮುಂದಿನ ಭಾನುವಾರ, ಓಡಾಟ ಮುಗಿಸಿ ಬಂದ ಮೇಲೆ.