ಕಮೊಡೋರ್ 64ಕ್ಕೆ ಕೋಡ್ ಬರೆಯಲು ಯಾವ ಎಡಿಟರ್, ಯಾವ ಅಸೆಂಬ್ಲರ್?

ನೀಲಿಪರದೆ:
ಎಲ್ಲರಿಗೂ ನಮಸ್ಕಾರ. ಚೆನ್ನಾಗಿ ಕೆಲಸ ಮಾಡುವ ಕಮೊಡೋರ್ 64 (ಎಂಬತ್ತರ ದಶಕದ ಮನೆಗಣಕ) ಒಂದು ನನ್ನ ಕೈಗೆ ಬಂದಿದೆ, ಜೊತೆಗೆ 1541 ಡಿಸ್ಕ್ ಡ್ರೈವ್ ಕೂಡ. ಪೈಥಾನ್ ಬರುತ್ತದೆ, ಸಿ ಅಲ್ಪಸ್ವಲ್ಪ, ಅಸೆಂಬ್ಲಿ (ಪ್ರೊಸೆಸರ್‌ನ ಆದೇಶಗಳಲ್ಲೇ ಬರೆಯುವ ಭಾಷೆ) ಬರುವುದಿಲ್ಲ. ಪರದೆ ತುಂಬ ಗೋಡೆಗಳಿರುವ ಒಂದು ದಾರಿ ಹುಡುಕುವ ಆಟ ಬರೆಯಬೇಕೆಂಬ ಆಸೆ. ಯಂತ್ರದಲ್ಲೇ ಇರುವ ಬೇಸಿಕ್ ಭಾಷೆಯಲ್ಲಿ ಶುರು ಮಾಡಿದ್ದೇನೆ. ಆದರೆ ಬರೆದದ್ದನ್ನು ನೋಡಲು ಲಿಸ್ಟ್ ಕೊಟ್ಟರೆ ಮೇಲಿನ ಸಾಲುಗಳು ಓಡಿಹೋಗುತ್ತವೆ, ನಡುವೆ ಹೊಸ ಸಾಲು ಸೇರಿಸೋಣವೆಂದರೆ ನಂಬರ್ ಉಳಿದಿರುವುದಿಲ್ಲ. ಪೋಕ್ ಮಾಡಿ (ಮೆಮೊರಿಗೆ ನೇರವಾಗಿ ಬೈಟ್ ಹಾಕಿ) ಗೋಡೆ ಬರೆದರೆ ಒಂದೊಂದೇ ಅಕ್ಷರ ಮೂಡುವುದು ಕಣ್ಣಿಗೇ ಕಾಣುತ್ತದೆ. ನೀವೆಲ್ಲ ಬರೆಯುವುದು ಯಂತ್ರದ ಮೇಲೆಯೋ, ಲ್ಯಾಪ್‌ಟಾಪ್‌ನಲ್ಲೋ? ಬೇಸಿಕ್ ಬಿಟ್ಟುಬಿಡಲೇ? ಎಡಿಟರ್ ಯಾವುದು ಒಳ್ಳೆಯದು?

ಹಳೇಗಣಕ:
ಎಡಿಟರ್ ವಿಷಯ ಆಮೇಲೆ ನೋಡೋಣ. ಒಂದು ಸಾಲು ಬದಲಿಸಿದಿರಿ, ಅದರ ಫಲ ಪರದೆಯಲ್ಲಿ ಕಾಣಲು ಎಷ್ಟು ಹೊತ್ತು ಬೇಕು? ಉಪಕರಣ ಆರಿಸಲು ನಾನು ನಂಬುವ ಅಳತೆ ಇದೊಂದೇ. 1541 ಸೆಕೆಂಡಿಗೆ ಸುಮಾರು 400 ಬೈಟ್ ಕಳಿಸುತ್ತದೆ, ಅಂದರೆ 30 ಕೆಬಿ ಪ್ರೋಗ್ರಾಂ ಲೋಡ್ ಆಗಲು ಒಂದು ನಿಮಿಷಕ್ಕೂ ಹೆಚ್ಚು. ಪ್ರತಿ ಸಲ ಹಾಗೆ ಕಾಯಬೇಕಾದರೆ ಸಣ್ಣಪುಟ್ಟ ಪ್ರಯೋಗಗಳನ್ನೇ ಕೈಬಿಡುತ್ತೇವೆ. ಆಟ ಚೆನ್ನಾಗಿ ಬರುವುದು ಆ ಸಣ್ಣ ಪ್ರಯೋಗಗಳಿಂದಲೇ.

ಹಾಗಾಗಿ ಬರೆಯುವುದು ಲ್ಯಾಪ್‌ಟಾಪ್‌ನಲ್ಲಿ, ಓಡಿಸುವುದು ಈ ಯಂತ್ರವನ್ನು ಲ್ಯಾಪ್‌ಟಾಪ್‌ನಲ್ಲೇ ಅನುಕರಿಸುವ ವೈಸ್ ಎಮ್ಯುಲೇಟರ್‌ನಲ್ಲಿ, ಒಂದು ಹಂತ ಮುಗಿದಾಗಲೆಲ್ಲ ನಿಜವಾದ ಯಂತ್ರದಲ್ಲಿ. ಎಡಿಟರ್‌ನಿಂದ ಬೇಕಾದ್ದು ಎರಡೇ: ಒಂದು ಕೀ ಒತ್ತಿದರೆ ಅಸೆಂಬ್ಲರ್ (ಅಸೆಂಬ್ಲಿಯನ್ನು ಯಂತ್ರದ ಕೋಡ್ ಆಗಿಸುವ ಪ್ರೋಗ್ರಾಂ) ಓಡಿ ವೈಸ್ ತೆರೆಯಬೇಕು, ಕೋಡ್‌ನಲ್ಲಿ ತಪ್ಪಿದ್ದರೆ ಕರ್ಸರ್ ಆ ಸಾಲಿಗೇ ಹೋಗಿ ನಿಲ್ಲಬೇಕು. ನಾನು ವಿಮ್ ಬಳಸುತ್ತೇನೆ. ವಿಎಸ್ ಕೋಡ್ ನಿಮಗೆ ರೂಢಿಯಿದ್ದರೆ ಅದನ್ನೇ ಇಟ್ಟುಕೊಳ್ಳಿ, ಹೊಸ ಪ್ರೊಸೆಸರ್ ಜೊತೆಗೆ ಹೊಸ ಎಡಿಟರ್ ಕೂಡ ಕಲಿಯುವ ಕಷ್ಟ ಬೇಡ.

ಅಸೆಂಬ್ಲರ್‌ಗಳಲ್ಲಿ ಆಕ್ಮಿ ಅಥವಾ 64ಟಾಸ್. ಎರಡೂ ಚಿಕ್ಕವು, ಕಮಾಂಡ್ ಲೈನ್‌ನಲ್ಲಿ ಓಡುತ್ತವೆ. ಕಿಕ್ ಅಸೆಂಬ್ಲರ್‌ಗೆ ಜಾವಾ ಬೇಕು. ಅದರೊಳಗೆ ಒಂದು ಸ್ಕ್ರಿಪ್ಟ್ ಭಾಷೆಯೇ ಇದೆ, ಸೈನ್ ಕೋಷ್ಟಕದಂಥವನ್ನು ಅಸೆಂಬಲ್ ಮಾಡುವಾಗಲೇ ಲೆಕ್ಕ ಹಾಕಿಸಬಹುದು. ಶಕ್ತಿಶಾಲಿಯೇ ಸರಿ. ಆದರೆ ಯಾವ ಸಾಲು ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದೆ, ಯಾವುದು ಕಮೊಡೋರ್‌ನ ಪ್ರೊಸೆಸರ್ 6510ರಲ್ಲಿ ನಡೆಯುತ್ತದೆ ಎಂಬುದು ಮನಸ್ಸಿನಲ್ಲಿ ಗಟ್ಟಿಯಾಗುವ ತನಕ ಅದಕ್ಕೆ ಹೋಗಬೇಡಿ.

ಇವುಗಳಲ್ಲಿ ಯಾವುದನ್ನೇ ಆರಿಸಿದರೂ ಲೇಬಲ್‌ಗಳ (ಕೋಡ್‌ನ ಜಾಗಗಳಿಗೆ ಇಟ್ಟ ಹೆಸರುಗಳ) ಪಟ್ಟಿಯನ್ನು ವೈಸ್‌ಗೆ ಅರ್ಥವಾಗುವ ರೂಪದಲ್ಲಿ ಬರೆಸಿಕೊಳ್ಳಿ, ಮೂರರಲ್ಲೂ ಆ ಸೌಲಭ್ಯ ಇದೆ. ಆಗ ವೈಸ್‌ನ ಮಾನಿಟರ್‌ನಲ್ಲಿ (ಓಡುವ ಪ್ರೋಗ್ರಾಂ ಒಳಗೆ ಇಣುಕುವ ಉಪಕರಣ) ವಿಳಾಸಗಳ ಬದಲು ನೀವೇ ಇಟ್ಟ ಹೆಸರುಗಳು ಕಾಣುತ್ತವೆ. ಹೆಸರು ಹೇಳಿ ಬ್ರೇಕ್‌ಪಾಯಿಂಟ್ (ಅಲ್ಲಿಗೆ ಬಂದಾಗ ನಿಲ್ಲು ಎಂಬ ಗುರುತು) ಇಡಬಹುದು, ಒಂದೊಂದೇ ಹೆಜ್ಜೆ ನಡೆಸಿ ಎ, ಎಕ್ಸ್, ವೈ ರಿಜಿಸ್ಟರ್‌ಗಳು ಹೇಗೆ ಬದಲಾಗುತ್ತವೆಂದು ನೋಡಬಹುದು. ಅಸೆಂಬ್ಲಿ ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಇನ್ನು ಬೇಸಿಕ್. ಬಿಡಬೇಡಿ! ದಾರಿಗಳನ್ನು ರಚಿಸುವ ತರ್ಕ, ಅಂಕ, ಮೆನು ಎಲ್ಲ ಅದರಲ್ಲೇ ಇರಲಿ, 38,911 ಬೈಟ್ ಇದೆ, ಸಾಕಷ್ಟಾಯಿತು. ಗೋಡೆ ಬರೆಯುವ ಭಾಗವನ್ನು ಮಾತ್ರ ಅಸೆಂಬ್ಲಿಯಲ್ಲಿ ಬರೆದು ಮೆಮೊರಿಯ 49152ನೇ ವಿಳಾಸದಲ್ಲಿ ಕೂರಿಸಿ. ಅಲ್ಲಿಂದ 4 ಕೆಬಿ ಜಾಗವನ್ನು ಬೇಸಿಕ್ ಮುಟ್ಟುವುದಿಲ್ಲ. ಬೇಸಿಕ್‌ನಿಂದ ಸಿಸ್ 49152 ಅಂದರೆ ಅಲ್ಲಿನ ಕೋಡ್ ಓಡುತ್ತದೆ, ಕೆಲಸ ಆಯಿತು. ಪರದೆಯಲ್ಲಿರುವುದು 40 ಅಕ್ಷರದ 25 ಸಾಲು, ಅಂದರೆ 1000 ಬೈಟ್. ಅಷ್ಟನ್ನೂ ತುಂಬುವ ಸರಳ ಲೂಪ್‌ಗೆ ಸುಮಾರು 6,250 ಸೈಕಲ್ (ಪ್ರೊಸೆಸರ್‌ನ ಗಡಿಯಾರದ ಮಿಡಿತ) ಸಾಕು. ಪಾಲ್ ಟಿವಿ ಮಾದರಿಯ ಯಂತ್ರ ಪರದೆಯನ್ನು ಒಂದು ಸಲ ಮೂಡಿಸುವ ಹೊತ್ತಿನಲ್ಲಿ, ಅಂದರೆ ಒಂದು ಫ್ರೇಮ್‌ನಲ್ಲಿ, 19,656 ಸೈಕಲ್ ಇರುತ್ತವೆ. ಕಣ್ಣಿಗೆ ಗೋಡೆಗಳೆಲ್ಲ ಒಟ್ಟಿಗೇ ಬಂದಂತೆ ಕಾಣುತ್ತದೆ.

ಒಂದು ಎಚ್ಚರಿಕೆ: ಆ ಅಸೆಂಬ್ಲಿ ಭಾಗವನ್ನು ಬೇಸಿಕ್ ಪ್ರೋಗ್ರಾಂ ಒಳಗಿನಿಂದ ಲೋಡ್ ಮಾಡಿದರೆ ಬೇಸಿಕ್ ಪ್ರೋಗ್ರಾಂ ಮತ್ತೆ ಮೊದಲ ಸಾಲಿನಿಂದ ಶುರುವಾಗುತ್ತದೆ, ವೇರಿಯಬಲ್‌ಗಳು ಮಾತ್ರ ಹಾಗೇ ಉಳಿಯುತ್ತವೆ. ಮೊದಲ ಸಾಲಿನಲ್ಲೇ ಎ ಎಂಬ ವೇರಿಯಬಲ್ ಸೊನ್ನೆಯಾಗಿದ್ದರೆ ಮಾತ್ರ ಎ=1 ಮಾಡಿ ಲೋಡ್ ಮಾಡುವಂತೆ ಬರೆಯಿರಿ, ಇಲ್ಲದಿದ್ದರೆ ಕೊನೆಯೇ ಇಲ್ಲದಂತೆ ಲೋಡ್ ಆಗುತ್ತಲೇ ಇರುತ್ತದೆ.

ಸಿಸಿ65 ಎಂಬ ಕಂಪೈಲರ್ ಇದೆ, ಸಿಯಲ್ಲಿ ಬರೆಯಬಹುದು. ಆದರೆ ಈ ಪ್ರೊಸೆಸರ್‌ನ ಸ್ಟ್ಯಾಕ್ (ತಾತ್ಕಾಲಿಕ ಮೌಲ್ಯಗಳನ್ನು ಪೇರಿಸಿಡುವ ಜಾಗ) ಬರೀ 256 ಬೈಟ್, ಹಾಗಾಗಿ ಕಂಪೈಲರ್ ತನ್ನದೇ ಇನ್ನೊಂದು ಸ್ಟ್ಯಾಕ್ ಕಟ್ಟಿಕೊಂಡು ನಿಧಾನವಾಗುತ್ತದೆ. ನಿಮ್ಮ ಆಟಕ್ಕೆ ಬೇಸಿಕ್ ಮತ್ತು ಅಸೆಂಬ್ಲಿ ಜೋಡಿಯೇ ಸರಿ.

ಎಡಬಾಣ:
ಹಳೇಗಣಕ ಅವರ ಮಾತು ಒಪ್ಪುತ್ತೇನೆ, ಆದರೂ ಯಂತ್ರದ ಮೇಲೆಯೇ ಬರೆಯುವವರ ಪರವಾಗಿ ಒಂದು ಮಾತು. ಟರ್ಬೊ ಅಸೆಂಬ್ಲರ್ ಲೋಡ್ ಮಾಡಿ ಸಿಸ್ 36864 ಕೊಡಿ, ಎಡಿಟರ್ ಮತ್ತು ಅಸೆಂಬ್ಲರ್ ಎರಡೂ ಅದರಲ್ಲೇ ಇವೆ. ಎಡಬಾಣದ ಕೀ ಒತ್ತಿ ನಂತರ 3 ಒತ್ತಿದರೆ ಅಸೆಂಬಲ್ ಆಗುತ್ತದೆ. ಬದಲಾವಣೆಯ ಫಲ ಕಾಣಲು ಡಿಸ್ಕ್ ಮುಟ್ಟಬೇಕಾಗಿಯೇ ಇಲ್ಲ, ಎಲ್ಲ ಮೆಮೊರಿಯಲ್ಲೇ ನಡೆಯುತ್ತದೆ. ಅಸೆಂಬ್ಲಿಯ ಸಾಲುಗಳು ಹೇಗೂ ಚಿಕ್ಕವು, 40 ಅಕ್ಷರದ ಪರದೆ ಇಕ್ಕಟ್ಟೆನಿಸುವುದಿಲ್ಲ. ಮೂಲ ಕೋಡ್, ಅಸೆಂಬ್ಲರ್, ನಿಮ್ಮ ಪ್ರೋಗ್ರಾಂ ಮೂರೂ ಒಂದೇ 64 ಕೆಬಿಯಲ್ಲಿ ಇರಬೇಕೆನ್ನುವುದೇ ದೊಡ್ಡ ಮಿತಿ. ಓಡಿಸುವ ಮೊದಲು ಸೇವ್ ಮಾಡುವುದನ್ನು ಮರೆಯಬೇಡಿ. ಆಮೇಲೆ ದೊಡ್ಡದಾಗಿ ಬೆಳೆದರೆ 64ಟಾಸ್‌ಗೆ ಸಾಗಿಸುವುದು ಸುಲಭ, ಅದರ ಬರವಣಿಗೆಯ ರೀತಿ ಟರ್ಬೊ ಅಸೆಂಬ್ಲರ್‌ನದೇ.

ನೀಲಿಪರದೆ:
ಇಬ್ಬರಿಗೂ ತುಂಬಾ ಧನ್ಯವಾದ. ಲ್ಯಾಪ್‌ಟಾಪ್ ದಾರಿಯನ್ನೇ ಹಿಡಿದೆ. ಬೇಸಿಕ್ ಅನ್ನು ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ವೈಸ್ ಜೊತೆ ಬರುವ ಪೆಟ್‌ಕ್ಯಾಟ್‌ನಿಂದ ಪರಿವರ್ತಿಸಿದೆ. ಲಿಸ್ಟ್ ಕೊಟ್ಟರೆ ಪ್ರಿಂಟ್ ಇರಬೇಕಾದ ಕಡೆ ವಿಚಿತ್ರ ಚಿಹ್ನೆಗಳು, ಓಡಿಸಿದರೆ ಸಿಂಟ್ಯಾಕ್ಸ್ ಎರರ್. ಏನು ಮಾಡಲಿ?

ಹಳೇಗಣಕ:
ಫೈಲ್‌ನಲ್ಲಿ ಎಲ್ಲವನ್ನೂ ಕ್ಯಾಪಿಟಲ್‌ನಲ್ಲಿ ಬರೆದಿದ್ದೀರಿ ಅನಿಸುತ್ತದೆ. ಪೆಟ್‌ಕ್ಯಾಟ್‌ಗೆ ಆದೇಶಗಳು ಸಣ್ಣ ಅಕ್ಷರದಲ್ಲೇ ಬೇಕು. ಈ ಯಂತ್ರದ ಅಕ್ಷರಸಂಕೇತವಾದ ಪೆಟ್‌ಸ್ಕಿಯಲ್ಲಿ ದೊಡ್ಡ, ಸಣ್ಣ ಅಕ್ಷರಗಳ ಜಾಗ ಸಾಮಾನ್ಯ ಗಣಕಗಳ ಆಸ್ಕಿಗಿಂತ ಅದಲುಬದಲು, ಅದಕ್ಕೇ ಕ್ಯಾಪಿಟಲ್‌ಗಳು ಚಿತ್ರಚಿಹ್ನೆಗಳಾಗಿ ಬಂದಿವೆ. ಬೇಸಿಕ್ ಆವೃತ್ತಿ 2 ಎಂದೂ ತಿಳಿಸಿ.

ಅಸೆಂಬ್ಲಿಯಲ್ಲೂ ಇದೇ ಗೊಂದಲ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಎ ಅಕ್ಷರ ಪೆಟ್‌ಸ್ಕಿಯಲ್ಲಿ 65, ಆದರೆ 1024ರಿಂದ ಶುರುವಾಗುವ ಪರದೆಯ ಮೆಮೊರಿಯಲ್ಲಿ ಅದು 1. ಯಂತ್ರದ ಶಾಶ್ವತ ಮೆಮೊರಿಯಲ್ಲಿ (ROM) 65490ರಲ್ಲಿರುವ ಸಿದ್ಧ ರೊಟೀನ್ ಮೂಲಕ ಅಕ್ಷರ ಮುದ್ರಿಸುವುದಾದರೆ ಪೆಟ್‌ಸ್ಕಿ ಕೊಡಿ, ಪರದೆಯ ಮೆಮೊರಿಗೆ ನೇರವಾಗಿ ಬರೆಯುವುದಾದರೆ ಆ ಎರಡನೆಯ ಸಂಖ್ಯೆಯನ್ನು, ಅಂದರೆ ಸ್ಕ್ರೀನ್ ಕೋಡ್ ಕೊಡಿ. ಆಕ್ಮಿಯಲ್ಲಿ ಎರಡಕ್ಕೂ ಬೇರೆ ಬೇರೆ ಆದೇಶಗಳಿವೆ. ನಿಮ್ಮ ಗೋಡೆಗಳಿಗೆ ಎರಡನೆಯದು ಬೇಕು, ಮತ್ತು ಅವುಗಳ ಬಣ್ಣವನ್ನು 55296ರಿಂದ ಮುಂದೆ ಪ್ರತ್ಯೇಕವಾಗಿ ತುಂಬಬೇಕು.