ಮೇಲಿನ ಹಲ್ಲು ಸಣ್ಣದಾದರೆ ಕೆಳಗಿನದನ್ನು ಏಕೆ ಉಜ್ಜಬೇಕು?

ಅಕ್ಕಸಾಲಿ, ಕುಂಬಳೆ:
ನನ್ನ ಮಗಳಿಗೆ 14 ವರ್ಷ. ಹಲ್ಲಿಗೆ ಕ್ಲಿಪ್ ಹಾಕಿಸಲು ಹೋಗಿದ್ದೆವು. ವೈದ್ಯರು ಅಚ್ಚು ತೆಗೆದು ನೋಡಿ, ಮೇಲಿನ ಸಾಲಿನ ಎಡಗಡೆಯ ಎರಡನೆಯ ಬಾಚಿಹಲ್ಲು ಸಣ್ಣದು, ಅದಕ್ಕೆ ಹಲ್ಲಿನ ಬಣ್ಣದ ವಸ್ತು ಮೆತ್ತಿ ಅಗಲ ಮಾಡಬೇಕು, ಕೆಳಗಿನ ಹಲ್ಲುಗಳ ಸಂದುಗಳನ್ನು ತುಸು ಉಜ್ಜಬೇಕು ಎಂದರು. ಆ ಹಲ್ಲು ಅಕ್ಕಿಕಾಳಿನಂತೆ ತುದಿ ಚೂಪಾಗಿರುವುದು ನಿಜ. ನನ್ನ ತಂಗಿಗೂ ಹಾಗೆಯೇ ಇದೆ. ಆದರೆ ಊನ ಮೇಲಿನ ಸಾಲಿನದು, ದಂಡ ಕೆಳಗಿನ ಸಾಲಿಗೆ ಏಕೆ?

ಸಮಾಧಾನವಾಗದೆ ಪ್ಲಾಸ್ಟರ್ ಅಚ್ಚನ್ನು ಒಂದು ದಿನಕ್ಕೆಂದು ಕೇಳಿ ತಂದು ಅಂಗಡಿಯ ವರ್ನಿಯರ್‌ನಲ್ಲಿ ಅಳೆದೆ. ಕೋರೆಹಲ್ಲಿನಿಂದ ಕೋರೆಹಲ್ಲಿಗೆ ಮೇಲಿನ ಆರು: 7.8, 6.6, 8.5, 8.5, 4.9, 7.8. ಕೆಳಗಿನ ಆರು: 6.8, 6.0, 5.4, 5.4, 6.0, 6.8. ಎಲ್ಲವೂ ಮಿಲಿಮೀಟರಿನಲ್ಲಿ. ಅರದಿಂದ ಉದುರಿದ ಚಿನ್ನದ ಪುಡಿಯನ್ನೂ ಗುಡಿಸಿ ಕರಗಿಸುವ ಕಸುಬು ನನ್ನದು. ಹಲ್ಲಿನ ಪುಡಿಯನ್ನು ಹಾಗೆ ಮಾಡಲಾಗುವುದಿಲ್ಲವಲ್ಲ!

ದಂತವೈದ್ಯೆ, ಪುತ್ತೂರು:
ಇಷ್ಟು ಅಚ್ಚುಕಟ್ಟಾಗಿ ಅಳೆದು ತಂದ ತಂದೆಯನ್ನು ನಾನು ಕಂಡಿಲ್ಲ. ಹಲ್ಲಿನ ಅತಿ ಅಗಲವಾದ ಕಡೆ ಹಿಡಿದಿದ್ದೀರಿ ತಾನೇ? ವಸಡಿನ ಬಳಿ ಅಳೆದರೆ ಲೆಕ್ಕ ಕೆಡುತ್ತದೆ.

ಕೆಳಗಿನ ಮೊತ್ತ 36.4, ಮೇಲಿನದು 44.1. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಶೇಕಡಾ 82.5. ಅಮೆರಿಕದ ಬೋಲ್ಟನ್ ಎಂಬ ವೈದ್ಯರು ಚೆನ್ನಾಗಿ ಕೂಡಿದ 55 ಬಾಯಿಗಳನ್ನು ಅಳೆದು 1958ರಲ್ಲಿ ಕೊಟ್ಟ ಸರಾಸರಿ 77.2. ಅದೇನು ದೇವರ ವಾಕ್ಯವಲ್ಲ, ಒಂದೆರಡು ಅಂಶ ಆಚೀಚೆಯಾದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಐದು ಅಂಶ ಹೆಚ್ಚಿದರೆ, ಅಂದರೆ ಮೇಲಿನ ಸಾಲಿಗೆ ಹೋಲಿಸಿದರೆ ಕೆಳಗಿನದು ಅಷ್ಟು ಅಗಲವಾದರೆ, ಬಿಡುವಂತಿಲ್ಲ.

ಕ್ಲಿಪ್ ಹಲ್ಲನ್ನು ಸರಿಸುತ್ತದೆ, ಅಗಲ ಮಾಡುವುದಿಲ್ಲ. ಹಿಂದಿನ ದವಡೆಹಲ್ಲುಗಳನ್ನು ಸರಿಯಾಗಿ ಕೂರಿಸಿದರೆ ಮುಂದೆ ಮೇಲಿನ ಸಾಲಿನಲ್ಲಿ ಸಂದು ಉಳಿಯುತ್ತದೆ. ಆ ಸಂದನ್ನು ಎಳೆದು ಮುಚ್ಚಿದರೆ ಮೇಲಿನ ಬಾಚಿಹಲ್ಲುಗಳು ಹಿಂದೆ ಬಂದು ಕೆಳಗಿನವುಗಳಿಗೆ ಅಂಚಿಗೆ ಅಂಚು ತಾಗುತ್ತವೆ. ಎಡಗಡೆಯ 4.9ನ್ನು ಬಲಗಡೆಯ ಜೋಡಿಯಂತೆ 6.6 ಮಾಡಿದರೆ ಮೇಲಿನ ಮೊತ್ತ 45.8. ಶೇಕಡಾ 77.2ರ ಲೆಕ್ಕದಲ್ಲಿ ಅದಕ್ಕೆ ಹೊಂದುವ ಕೆಳಗಿನ ಮೊತ್ತ ಸುಮಾರು 35.4. ಅಂದರೆ ಇನ್ನೂ 1 ಮಿಲಿಮೀಟರ್ ಹೆಚ್ಚು. ಕೆಳಗೆ ಆ ಆರು ಹಲ್ಲುಗಳ ನಡುವೆ ಐದು ಸಂದುಗಳಿವೆ, ಒಂದೊಂದರಲ್ಲಿ 0.2, ಅಂದರೆ ಹಲ್ಲಿನ ಒಂದು ಬದಿಯಿಂದ 0.1 ಮಾತ್ರ. ಹಲ್ಲಿನ ಹೊರಪದರವಾದ ಎನಾಮೆಲ್ ಅದಕ್ಕಿಂತ ಎಷ್ಟೋ ದಪ್ಪ. ಉಜ್ಜಿದ ಮೇಲೆ ನುಣುಪು ಮಾಡಿ ಫ್ಲೋರೈಡ್ ಹಚ್ಚುತ್ತಾರೆ. ಮೆತ್ತಿಯೂ ಉಜ್ಜದಿದ್ದರೆ ಏನಾದೀತು ಎಂದು ನಿಮ್ಮ ವೈದ್ಯರನ್ನೇ ಕೇಳಿ. ಅಚ್ಚಿನ ಹಲ್ಲುಗಳನ್ನು ಕತ್ತರಿಸಿ ಮೇಣದಲ್ಲಿ ಜೋಡಿಸಿ ತೋರಿಸುವ ಕ್ರಮವೂ ಇದೆ.

ಒಬ್ಬ ತಾಯಿ, ಬದಿಯಡ್ಕ:
ನನ್ನ ಮಗನಿಗೂ ಹೀಗೆಯೇ ಮೆತ್ತಿಸಿದ್ದೆವು. ಉಜ್ಜುವಾಗ ಅವನು ಹೂಂ ಎನ್ನಲಿಲ್ಲ. ಆದರೆ ಮಳೆಗಾಲದಲ್ಲಿ ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ) ಕಡಿದು ಮೆತ್ತಿದ ಅಂಚು ಹಾರಿಹೋಯಿತು, ಮತ್ತೆ ಮೆತ್ತಿಸಬೇಕಾಯಿತು. ಆ ಖರ್ಚನ್ನು ಮೊದಲೇ ಕೇಳಿಟ್ಟುಕೊಳ್ಳಿ ಅಣ್ಣ.

ಅಕ್ಕಸಾಲಿ, ಕುಂಬಳೆ:
ಅಗಲದ ಕಡೆಯೇ ಹಿಡಿದಿದ್ದೆ ಡಾಕ್ಟರೇ. 0.1 ಎಂದ ಮೇಲೆ ನನ್ನ ತಕರಾರಿಲ್ಲ, ಉಂಗುರಕ್ಕೆ ಹೊಳಪು ಕೊಡುವುದಕ್ಕೂ ಅಷ್ಟು ಹೋಗುತ್ತದೆ. ಮಗಳಿಗೆ ಸಾಂತಾಣಿಯದೇ ಚಿಂತೆ. ತಂಗಿಯ ಹಲ್ಲುಗಳನ್ನೂ ಅಳೆಯೋಣವೆಂದು ವರ್ನಿಯರ್ ಹಿಡಿದು ಹೋದರೆ ಅವಳು ಬಾಯಿಯನ್ನೇ ತೆರೆಯುತ್ತಿಲ್ಲ.