ಪೋಲಿಷ್ ಕಲಿಯೋಕೆ ಶಾಲೆಯ ವಿಭಕ್ತಿ ಪಾಠ ಉಪಯೋಗಕ್ಕೆ ಬರುತ್ತಾ?

ಚಿಂತಾಮಣಿ ಹುಡುಗ:

ಎಲ್ಲರಿಗೂ ನಮಸ್ಕಾರ. ತಂಗಿ ಓದೋಕೆ ಪೋಲೆಂಡಿಗೆ ಹೋಗಿದ್ದಾಳೆ. ಅವಳಿರೋ ಊರಿನ ಹೆಸರನ್ನು ನಕ್ಷೆಯಲ್ಲಿ ನೋಡಿ ನಾನು ಲೋಡ್ಜ್ ಲೋಡ್ಜ್ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಅವಳೇ ಫೋನಿನಲ್ಲಿ "ಅಣ್ಣಾ, ಅದು ವುಚ್, ದೋಣಿ ಅಂತ ಅರ್ಥ" ಅಂದಳು. ಬರೆಯೋದೊಂದು, ಓದೋದೊಂದು!

ಮುಂದಿನ ವರ್ಷ ನಾನೂ ಹೋಗಬೇಕು ಅಂತಿದ್ದೇನೆ. ಎರಡು ತಿಂಗಳಿಂದ ಇಂಗ್ಲಿಷ್ ವಿಡಿಯೋ ನೋಡಿ ಕಲಿಯುತ್ತಿದ್ದೇನೆ. "ಏಳು ಕೇಸ್" ಅನ್ನೋ ಕಡೆ ಬಂಡಿ ನಿಂತಿದೆ. ಇದು ನಾವು ಶಾಲೆಯಲ್ಲಿ ಉ, ಅನ್ನು, ಇಂದ, ಗೆ ಅಂತ ಉರು ಹೊಡೆದ ವಿಭಕ್ತಿಯೇ ಅಲ್ವಾ? ಇನ್ನೊಂದು, ಕೆಲವು ಎ (a) ಮತ್ತು ಇ (e) ಅಕ್ಷರಗಳ ಕೆಳಗೆ ಬಾಲ ಇರುತ್ತಲ್ಲ, ಅದನ್ನು ಹೇಗೆ ಓದೋದು? ಹಾಗೇ, ಸುಮ್ನೆ ಕುತೂಹಲಕ್ಕೆ, ಇದು ಎಷ್ಟು ಹಳೆಯ ಭಾಷೆ?

ತಿಪಟೂರು ತೆಂಗು:

ಬರುತ್ತೆ, ಚೆನ್ನಾಗೇ ಬರುತ್ತೆ. ನಾನು ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ನಾಲ್ಕು ವರ್ಷ ಇದ್ದೆ. ಕ್ಲಾಸಿನಲ್ಲಿ ಬೇರೆಯವರು ಪದದ ಕೊನೆ ಯಾಕೆ ಹೀಗೆ ಬದಲಾಗುತ್ತೆ ಅಂತ ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಅದು ಮನೆ ಮಾತಿನ ಥರವೇ ಇತ್ತು.

ಕಾಫಿಯನ್ನೇ ತಗೊಳ್ಳಿ. ಅವರಿಗೆ ಅದು ಕಾವಾ. ಕಾಫಿಯನ್ನು ಅಂದರೆ ಕಾವೆ, ಕಾಫಿಯ ಅಂದರೆ ಕಾವಿ, ಕಾಫಿಯಿಂದ ಅಂದರೆ ಕಾವೋಂ, ಕಾಫಿಗೆ ಅಂದರೆ ಕಾವ್ಯೆ. ಕಾಫಿಯಲ್ಲಿ ಅನ್ನೋಕೂ ಅದೇ ಕಾವ್ಯೆ, ಹಿಂದೆ ಒಂದು ಪುಟ್ಟ "ಫ್" ಸೇರಿಸಬೇಕು, ಫ್ ಕಾವ್ಯೆ. ಕಾವಾ ಒಂದು, ಸಂಬೋಧನೆ ಒಂದು, ಅಲ್ಲಿಗೆ ಏಳಾಯಿತು. ನಮ್ಮ ಪಂಚಮಿ ಅವರಲ್ಲಿಲ್ಲ. ಹೋಗಲಿ ಬಿಡಿ, ಆ "ದೆಸೆಯಿಂದ"ವನ್ನು ಪರೀಕ್ಷೆ ಬಿಟ್ಟು ಬೇರೆಲ್ಲಿ ಬಳಸಿದ್ದೇವೆ?

ಕಷ್ಟ ಇರೋದು ಬೇರೆ ಕಡೆ. ನಮಗೆ ಮೇಜು, ಪುಸ್ತಕ, ಕಿಟಕಿ ಎಲ್ಲವೂ "ಅದು". ಅವರಿಗೆ ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ಎರಡೂ ಅಲ್ಲ. ಲಿಂಗ ಬದಲಾದರೆ ಪ್ರತ್ಯಯವೂ ಬದಲು, ಹಾಗಾಗಿ ಕಾವಾಗೆ ಕಲಿತದ್ದು ಮೇಜಿಗೆ ಹೊಂದಲ್ಲ. ಮೇಲಿಂದ "ಇಲ್ಲ" ಅಂದ ಕೂಡಲೇ ವಿಭಕ್ತಿಯೂ ಜಾರುತ್ತೆ. ಪಿಯೆ ಕಾವೆ, ಕಾಫಿ ಕುಡಿಯುತ್ತೇನೆ. ನ್ಯೆ ಪಿಯೆ ಕಾವಿ, ಕುಡಿಯಲ್ಲ. ದ್ವಿತೀಯೆ ಇದ್ದದ್ದು ಷಷ್ಠಿ ಆಯಿತು ನೋಡಿ.

ಎಣಿಕೆಯಂತೂ ಕೇಳಲೇಬೇಡಿ. ಮನೆಗೆ ದೋಮ್. ಎರಡು, ಮೂರು, ನಾಲ್ಕು ಮನೆಗೆ ದೋಮಿ. ಐದಾದರೆ ದೋಮುಫ್, ಅಂದರೆ "ಐದು ಮನೆಗಳ" ಅಂದ ಹಾಗೆ. ಹಾಗೇ ಹೋಗಿ 22ಕ್ಕೆ ಮತ್ತೆ ದೋಮಿ, 25ಕ್ಕೆ ಮತ್ತೆ ದೋಮುಫ್. ನಾನು ಅಂಗಡಿಯಲ್ಲಿ ಏನು ತಗೊಂಡರೂ ನಾಲ್ಕರೊಳಗೇ ತಗೊಳ್ಳುತ್ತಿದ್ದೆ.

ಒಂದು ಸಮಾಧಾನ ಇದೆ. ಅವನು, ಅವಳು, ಅದು ಅಂತ ಮೂರು, ಬಹುವಚನದಲ್ಲಿ ಅವರು, ಅವು ಅಂತ ಎರಡೇ, ನಮ್ಮ ಹಾಗೇ: ಓನ್, ಓನಾ, ಓನೊ, ಆಮೇಲೆ ಓನಿ, ಓನೆ. ಆದರೆ ಗುಂಪಿನಲ್ಲಿ ಒಬ್ಬನಾದರೂ ಗಂಡಸಿದ್ದರೆ ಮಾತ್ರ ಓನಿ. ಬರೀ ಹೆಂಗಸರಿದ್ದರೆ ನಾಯಿ, ಬೆಕ್ಕು, ಕುರ್ಚಿಗಳ ಜೊತೆ ಓನೆ! ಇದನ್ನು ನಿಮ್ಮ ತಂಗಿಗೆ ನೀವೇ ಹೇಳಿ, ನಾನು ಹೇಳಲ್ಲ.

ಶಿರಾ ಕಡ್ಲೆಕಾಯಿ:

ಒಂದು ಎಚ್ಚರಿಕೆ. ನಮಗೆ ಬರವಣಿಗೆಯಲ್ಲಿ ಶ, ಷ ಬೇರೆ ಬೇರೆ, ಬಾಯಲ್ಲಿ ಎರಡೂ ಒಂದೇ. ಅಲ್ಲಿ ಆ ಆಟ ನಡೆಯಲ್ಲ. ಪ್ರೊಷೆ ಅಂದರೆ ದಯವಿಟ್ಟು. ಪ್ರೊಶೆ ಅಂದರೆ ಹಂದಿಮರಿ. ನಾನು ಒಂದು ವಾರ ಬೇಕರಿಯಲ್ಲಿ "ಹಂದಿಮರಿ, ಒಂದು ಬ್ರೆಡ್ಡು" ಅಂತ ಕೇಳುತ್ತಿದ್ದೆ. ಆಯಮ್ಮ ನಗುನಗುತ್ತಲೇ ಕೊಡುತ್ತಿದ್ದರು.

ಮಾಲೂರು ಮೇಷ್ಟ್ರು:

ಬಾಲದ ಅಕ್ಷರಕ್ಕೆ ಹೆದರಬೇಡಿ ಮಾರಾಯರೇ, ಅದು ಹೆಚ್ಚುಕಮ್ಮಿ ನಮ್ಮ ಸೊನ್ನೆ. ಕಂಬ, ಕಂತೆ, ಕಂಕಣ ಓದಿ ನೋಡಿ. ಸೊನ್ನೆ ಒಂದೇ, ಮುಂದಿನ ಅಕ್ಷರ ನೋಡಿಕೊಂಡು ಅದರ ಉಲಿ ಬದಲಾಗುತ್ತೆ. ಅಲ್ಲೂ ಹಾಗೇ, ಹಲ್ಲಿಗೆ ಜೋಂಪ್, ಶುಕ್ರವಾರಕ್ಕೆ ಪ್ಯೋಂತೆಕ್, ಕೈಗೆ ರೆಂಕಾ. ಬಾಲದ ಎ ಓದುವಾಗ ಆಂ ಅಲ್ಲ, ಓಂ ಅನ್ನಬೇಕು, ಅಷ್ಟೇ. ಪದದ ಕೊನೆಯಲ್ಲಿ ಬಾಲದ ಇ ಬಂದರೆ ಮಾತಿನಲ್ಲಿ ಬರೀ ನಮ್ಮ ಕನ್ನಡದ ಎ. ಇಂಗ್ಲಿಷ್ ವಿಡಿಯೋದವರು ಇದಕ್ಕೆ ಹತ್ತು ನಿಮಿಷ ತಗೊಳ್ಳುತ್ತಾರೆ.

ಹಳೆಯದು ಎಷ್ಟು ಅಂದಿರಿ. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದ್ದು. ಪೋಲಿಷ್‌ನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ವಾಕ್ಯ ಸುಮಾರು 1270ರದ್ದು. ಸೈಲೀಷಿಯಾ ಪ್ರಾಂತ್ಯದ ಹೆನ್ರಿಕುಫ್ ಅನ್ನೋ ಮಠದ ಸನ್ಯಾಸಿಗಳು ತಮ್ಮ ಜಮೀನಿನ ಲೆಕ್ಕವನ್ನೆಲ್ಲ ಲ್ಯಾಟಿನ್‌ನಲ್ಲಿ ಬರೆದಿಟ್ಟಿದ್ದರು. ಅದರ ಮಧ್ಯೆ ಈ ಒಂದು ವಾಕ್ಯ ಮಾತ್ರ ಜನರ ಮಾತಿನಲ್ಲಿದೆ. ಬೊಗುಖ್ವಾಲ್ ಅನ್ನೋ ಒಬ್ಬ ಚೆಕ್ ಮನುಷ್ಯ ಆ ಕಡೆ ಬಂದು ನೆಲೆಸಿ, ಅಲ್ಲಿನವಳನ್ನೇ ಮದುವೆ ಆಗಿದ್ದ. ಹೆಂಡತಿ ಬೀಸುವ ಕಲ್ಲಿನ ಮುಂದೆ ಬೀಸಿ ಬೀಸಿ ಸುಸ್ತಾಗೋದನ್ನು ನೋಡಲಾರದೆ ಅವನು ಹೇಳುತ್ತಾನೆ: "ಕೊಡು, ನಾನು ಬೀಸ್ತೀನಿ, ನೀನು ಸುಧಾರಿಸ್ಕೋ." ಈಗಿನವರ ಓದಿನಲ್ಲಿ: ದಾಯ್, ಆಚ್ ಯಾ ಪೊಬ್ರುಷೆ, ಆ ತಿ ಪೊಚಿವಾಯ್. ರಾಜನ ಹೊಗಳಿಕೆ ಇಲ್ಲ, ಯುದ್ಧ ಇಲ್ಲ, ರಾಗಿಕಲ್ಲಿನ ಮುಂದಿನ ಮಾತು. ನನಗೆ ಇದು ತುಂಬಾ ಇಷ್ಟ.

ಆ ಭಾಷೆ ಉಳಿದದ್ದೂ ಸುಲಭಕ್ಕಲ್ಲ. 1795ರಿಂದ 1918ರವರೆಗೆ ಪೋಲೆಂಡ್ ಸ್ವತಂತ್ರ ದೇಶವೇ ಆಗಿರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಹಂಚಿಕೊಂಡಿದ್ದರು. ಜರ್ಮನರ ಕೈಯಲ್ಲಿದ್ದ ವ್ಜೆಶ್ನ್ಯಾ ಊರಿನ ಶಾಲೆಯಲ್ಲಿ 1901ರಲ್ಲಿ ಧರ್ಮದ ಪಾಠವನ್ನು ಜರ್ಮನ್‌ನಲ್ಲೇ ಹೇಳಬೇಕು ಅಂದಾಗ ಮಕ್ಕಳು ಬಾಯಿ ಬಿಡಲಿಲ್ಲ. ಏಟು ತಿಂದರು, ಹೇಳಲಿಲ್ಲ.

ಅಂದ ಹಾಗೆ, ಇಂಗ್ಲಿಷ್ ಲಿಪಿಯಲ್ಲಿ ಬರೆದ ಕೋಲಾರಕ್ಕೆ ಕೊನೆಯಲ್ಲಿ ಒಂದು ಜೆಡ್ ಸೇರಿಸಿದರೆ ಪೋಲಿಷ್‌ನಲ್ಲಿ ಕೋಲಾಷ್, ಸೈಕಲ್ ರೇಸಿನವನು!

ಚಿಂತಾಮಣಿ ಹುಡುಗ:

ಮೇಷ್ಟ್ರೇ, ಆ ಬೀಸುವ ಕಲ್ಲಿನ ವಿಷಯ ಅಜ್ಜಿಗೆ ಹೇಳಿದೆ. ಅಜ್ಜಿ ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡು, "ಹೇಳಿದನೇನೋ ಸರಿ, ಬೀಸಿದನಾ?" ಅಂದರು.

ಮಾಲೂರು ಮೇಷ್ಟ್ರು:

ಬೀಸಿದ ಕಣಪ್ಪ, ಅದೂ ಅದೇ ಪುಸ್ತಕದಲ್ಲಿದೆ. ಆಗಾಗ ಬೀಸೋದನ್ನು ನೋಡಿ ಅಕ್ಕಪಕ್ಕದವರು ಅವನಿಗೆ ಬ್ರುಕಾಲ್ ಅಂತ ಅಡ್ಡಹೆಸರಿಟ್ಟರು. ಅದು ಅವನ ವಂಶಕ್ಕೇ ಅಂಟಿಕೊಂಡಿತು. ಬ್ರುಕಾಲಿತ್ಸೆ ಅನ್ನೋ ಹಳ್ಳಿ ಇವತ್ತಿಗೂ ಆ ಮಠದ ಹತ್ತಿರವೇ ಇದೆ. ಅಜ್ಜಿಗೆ ಹೇಳಿ.